ನಮ್ಮೂರಲ್ಲಿ ಕಳ್ಳರು ಹೊಳೆ ದಾಟಿದ್ದರು

ಹೋದ ಭಾನುವಾರ ಹಾಸನದ ಥಿಯೇಟರಿನ ಮುಂದೆ ಟಿಕೆಟ್ಟಿಗೆ ನಿಂತಿದ್ದೆ. ಪಕ್ಕದಲ್ಲೇ ಯಾರೋ ಮನೆ ಕಟ್ಟಿಸುತ್ತಿದ್ದರು. ಕೆಲಸದವಳೊಬ್ಬಳು ಮರಳಿನ ಗುಡ್ಡೆಯ ಮೇಲೆ ಒಂದು ಬಿಂದಿಗೆ ನೀರು ಸುರಿದಳು ನೋಡಿ... ಬಿಸಿಲಿಗೆ ಕಾದ ಮರಳಿಗೆ ನೀರು ಬಿದ್ದಾಗ ಏಳುವ ಆ ವಾಸನೆ! ಮರುಕ್ಷಣ ನಾನು ಹಾಸನದಲ್ಲಿ ಇರಲೇ ಇಲ್ಲ. ಹೊಳೆನರಸೀಪುರದ ಸಿನಿಮಾ ಟೆಂಟಿನೊಳಗೆ, ಎದುರುಮನೆ ಅತ್ತೆಯ ಮಗ್ಗುಲಲ್ಲಿ ಕೂತುಬಿಟ್ಟಿದ್ದೆ.

ಆಗ ನಾನಿನ್ನೂ ಚಿಕ್ಕವಳು. ನೆಲದ ಟಿಕೆಟ್ಟಿನವರಿಗೆ ಹೇಮಾವತಿ ಹೊಳೆಯ ಮರಳೇ ಕುರ್ಚಿ. ಧೂಳು ಏಳದಿರಲಿ ಅಂತ ಆಟಕ್ಕೆ ಮುಂಚೆ ನೀರು ಚಿಮುಕಿಸುತ್ತಿದ್ದರು. ಒಳಗೆ ಬಂದವರು ಮೊದಲು ಮಾಡುತ್ತಿದ್ದ ಕೆಲಸ ಎಂದರೆ, ಎರಡೂ ಕೈಯಲ್ಲಿ ಮರಳು ಬಾಚಿ, ಗುಡ್ಡೆ ಮಾಡಿ, ಅದರ ಮೇಲೆ ಕೂರುವುದು. ಮುಂದಿನವರ ಗುಡ್ಡೆ ಏರಿದರೆ ಹಿಂದಿನವರದೂ ಏರಲೇಬೇಕು. ಅತ್ತೆಯದಂತೂ ಗುಡ್ಡೆಯಲ್ಲ, ಸಿಂಹಾಸನ. ಹಿಂದಿನಿಂದ ಯಾರಾದರೂ "ಅಮ್ಮೋ, ವಸಿ ತಗ್ಗು" ಅಂದರೆ ಅತ್ತೆ ತಿರುಗಿಯೂ ನೋಡುತ್ತಿರಲಿಲ್ಲ. "ನೀನೂ ಬಾಚ್ಕೊ. ಮರಳೇನ್ ನಮ್ಮಪ್ಪಂದಾ?" ಅನ್ನುತ್ತಿದ್ದರು.

ಅತ್ತೆ ಅಂದರೆ ನಮಗೆ ನೆಂಟರೇನಲ್ಲ. ಎದುರುಮನೆಯವರು, ಹಾಗಾಗಿ ಅತ್ತೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಒಂದಿಷ್ಟು ಗದ್ದೆ, ಎರಡು ಎಮ್ಮೆ, ನಾನು ಅಕ್ಕ ಅಂತ ಕರೆಯುತ್ತಿದ್ದ ಒಬ್ಬಳೇ ಮಗಳು... ಆಮೇಲೆ ಆ ನಗು. ಅದು ಹೊಟ್ಟೆಯಲ್ಲೆಲ್ಲೋ ಗುಡುಗುಡು ಅಂತ ಶುರುವಾಗಿ, ಭುಜ ಕುಣಿಸಿ, ಕೊನೆಗೆ ಒಂದು ಕೇಕೆಯಾಗಿ ಹೊರಬೀಳುತ್ತಿತ್ತು. ಟೆಂಟಿನ ಜನ ಚಿತ್ರಕ್ಕೆ ಒಂದು ಸಲ, ಅತ್ತೆಯ ನಗುವಿಗೆ ಇನ್ನೊಂದು ಸಲ ನಗುತ್ತಿದ್ದರು. ಗಂಡ ಇಲ್ಲದವಳು ಹೀಗೆ ನಗಬಹುದೇ ಅಂತ ಬೀದಿಯಲ್ಲಿ ಮಾತಾಡಿಕೊಂಡವರೂ ಇದ್ದರು. "ನಗಾಕೂ ಪರ್ಮಿಟ್ ಮಾಡಿಸ್ಬೇಕೇನ್ಲಾ?" ಅಂತ ಅತ್ತೆ ಅವರ ಮುಖಕ್ಕೇ ಕೇಳುತ್ತಿದ್ದರು.

ಆ ವರ್ಷ ಒಂದು ಕಳ್ಳರ ಚಿತ್ರ ಬಂತು. ಅದರ ನಿಜವಾದ ಹೆಸರು ಏನೇ ಇರಲಿ, ನಮ್ಮೂರಲ್ಲಿ ಅದು ಪಾಯಸದ ಸಿನಿಮಾ. ಮೂವರು ಗೆಳೆಯರು ಅಡಿಗೆಯವರ ವೇಷದಲ್ಲಿ ಜಿಪುಣ ಸಾಹುಕಾರನ ಮನೆಯ ಮದುವೆಗೆ ಬರುತ್ತಾರೆ. ಅವನ ಒಡವೆ ಪೆಟ್ಟಿಗೆಯನ್ನು ಪಾಯಸದ ಹಂಡೆಯೊಳಗೆ ಮುಳುಗಿಸಿ ಗಾಡಿಗೆ ಏರಿಸುತ್ತಾರೆ. ಮಜಾ ಏನು ಗೊತ್ತಾ? ಹಂಡೆ ಭಾರವಾಗಿ ಏಳದೇ ಇದ್ದಾಗ ಸಾಹುಕಾರನೇ ಪಂಚೆ ಎತ್ತಿಕಟ್ಟಿ ಕೈಜೋಡಿಸುತ್ತಾನೆ! ಆ ಜಾಗದಲ್ಲಿ ಅತ್ತೆ ನಕ್ಕ ರಭಸಕ್ಕೆ ಅವರ ಮರಳಿನ ಸಿಂಹಾಸನ ಕುಸಿದು ನನ್ನ ಮಡಿಲಿಗೆ ಬಿದ್ದಿತ್ತು. ಕೊನೆಯಲ್ಲಿ ಮೂವರೂ ಹಂಡೆ ಸಮೇತ ಹರಿಗೋಲು ಹತ್ತಿ, ಪದ ಹೇಳಿಕೊಂಡು ಹೊಳೆ ದಾಟುತ್ತಾರೆ. ಪರದೆಯ ಮೇಲೆ ಶುಭಂ.

ಊರೆಲ್ಲ ಅದೇ ಮಾತು. ನಿವೃತ್ತ ದಫೇದಾರರಿಗೆ ಭಾರಿ ಸಿಟ್ಟು. "ಪೋಲೀಸ್ನೋರು ಒಬ್ರೂ ಬರಾಕಿಲ್ವಲ್ಲ, ನಾವೇನ್ ಸತ್ತೋಗಿದ್ವಾ?" ಅಂತ ಕೂಗಾಡಿದರು. ಹೋಟೆಲಿನವರಿಗೆ ಕಳ್ಳತನದ ಚಿಂತೆಯೇ ಇರಲಿಲ್ಲ, ಅಷ್ಟು ಪಾಯಸ ದಂಡವಾಯಿತಲ್ಲ ಅಂತ ಸಂಕಟ. ನಮ್ಮಜ್ಜಿಯಂತೂ ಕಳ್ಳರಿಗೆ ಶುಭ ಕೋರುವ ಕಾಲ ಬಂತಲ್ಲ ಅಂತ ದೇವರ ಗೂಡಿನ ಕಡೆ ತಿರುಗಿ ಕೈಮುಗಿದರು. ಅತ್ತೆ ಮಾತ್ರ ಇನ್ನೂ ಎರಡು ಸಲ ಹೋಗಿಬಂದರು.

ಅದೇ ಸಮಯಕ್ಕೆ ಅಕ್ಕನನ್ನು ನೋಡಲು ದಂಡಿಗನಹಳ್ಳಿಯಿಂದ ಗಂಡಿನವರು ಬಂದರು. ಹುಡುಗ ಅಕ್ಕನಿಗೆ ಹಿಡಿಸಿದ್ದ. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಅವಳು ನನ್ನ ಕೈ ಚಿವುಟಿದ್ದರಲ್ಲೇ ನನಗದು ಗೊತ್ತಾಯಿತು. ಹುಡುಗನ ಅಪ್ಪ ಗೌಡರು ಮಾತ್ರ ಬಿಗುಮಾನದ ಮನುಷ್ಯ. ಉಪ್ಪಿಟ್ಟು ಮುಗಿಸಿ, ಕಾಫಿ ಲೋಟ ಹಿಡಿದು, ಕಾಲ ಕೆಟ್ಟಿತು ಅಂತ ಶುರುಮಾಡಿದವರು ಹೇಗೋ ಸಿನಿಮಾಕ್ಕೆ ಬಂದರು.

"ಆದ್ರೂ ಚನ್ನರಾಯಪಟ್ಣದ್ ಟೆಂಟಲ್ಲಿ ಒಂದ್ ಪಿಚ್ಚರ್ ನೋಡ್ದೆ. ಕಳ್ರು ಪಾಯಸದ್ ಅಂಡೇಲಿ ಒಡವೆ ಕದೀತಾರೆ. ಆದ್ರೆ ನೀತಿ ಐತೆ. ಆಚೆ ದಡದಲ್ಲಿ ಪೋಲೀಸ್ನೋರು ಕಾದಿದ್ದು ಮೂರ್ ಜನಕ್ಕೂ ಕೋಳ ಆಕ್ತಾರೆ."

ಅತ್ತೆಗೆ ನಗು ತಡೆಯಲಿಲ್ಲ. "ಯಾವ್ ಪೋಲೀಸು ಗೌಡ್ರೇ? ಯಾರೂ ಇಡ್ಯಾಕಿಲ್ಲ. ಪದ ಏಳ್ಕಂಡು ಒಳೆ ದಾಟ್ಬುಡ್ತಾರೆ. ಶುಭಂ ಅಂತ ಬತ್ತದೆ!"

"ನಾನು ಕಣ್ಣಾರೆ ಕಂಡಿವ್ನಿ ಕಣಮ್ಮ."

"ನಾನೇನ್ ಕಣ್ ಮುಚ್ಕಂಡ್ ಕೂತಿದ್ನಾ? ಮೂರ್ ಸಲ ನೋಡಿವ್ನಿ!"

ಮೂರು ಸಲ ಎನ್ನುವ ಮಾತು ಆ ನಡುಮನೆಯಲ್ಲಿ ಹೇಗೆ ಬಿತ್ತು ಅಂತೀರಿ... ಗೌಡರು ಲೋಟ ಕೆಳಗಿಟ್ಟರು. "ಒಂದ್ ಪಿಚ್ಚರ್ ಇಚಾರಕ್ಕೇ ಇಂಗೆ ಮುಖಕ್ಕೆ ಮುಖ ಕೊಟ್ಟು ಸುಳ್ಳಾಡೋರು, ನಾಳೆ ಸಂಬಂಧ ಬೆಳ್ಸುದ್ಮೇಲೆ ಏನೇನ್ ಏಳೀರೋ" ಅಂದು ಎದ್ದೇಬಿಟ್ಟರು. ಹುಡುಗ ಒಮ್ಮೆ ಅಡಿಗೆಮನೆಯ ಕಡೆ ನೋಡಿ, ತಲೆ ತಗ್ಗಿಸಿ ಹಿಂದೆ ನಡೆದ.

"ನಕ್ಕೂ ನಕ್ಕೂ ನನ್ ಮದ್ವೇನೇ ಓಡಿಸ್ಬುಟ್ಟಲ್ಲವ್ವಾ" ಅಂತ ಅಕ್ಕ ಅತ್ತಳು. ಆವತ್ತು ಅತ್ತೆಯ ಮನೆಯಲ್ಲಿ ಎಮ್ಮೆ ಬಿಟ್ಟರೆ ಯಾರೂ ಹೊಟ್ಟೆಗೆ ತಿನ್ನಲಿಲ್ಲ.

ಬೇರೆಯವರಾಗಿದ್ದರೆ ಹಿರಿಯರನ್ನು ಕಳಿಸಿ ಕ್ಷಮೆ ಕೇಳಿಸುತ್ತಿದ್ದರು. ಅತ್ತೆ ಬೆಳಿಗ್ಗೆ ಎದ್ದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸಿದರು: "ಪಿಚ್ಚರ್ ನಿಮ್ ಪಟ್ಣದಲ್ಲಿ ಇನ್ನೂ ಓಡ್ತಾ ಐತಂತೆ. ಶನಿವಾರ ನಾನೇ ಬತ್ತೀನಿ, ನೀವೂ ಬನ್ನಿ. ಯಾರ್ ಸುಳ್ಳು ಅಂತ ಪರದೇನೇ ಏಳ್ಲಿ."

ನಾನೂ ಜೊತೆಗೆ ಹೊರಟೆ. ಸಿನಿಮಾ ಅಂದರೆ ನನಗೆ ಮೊದಲೇ ಹುಚ್ಚು. ಅಕ್ಕ ಬೇರೆ ಗುಟ್ಟಾಗಿ ಒಂದು ಕೆಲಸ ಒಪ್ಪಿಸಿದ್ದಳು: "ಸಾವ್ಕಾರ ಅಂಡೆ ಎತ್ತೋವಾಗ ಹುಡುಗ ನಗ್ತಾನಾ ಇಲ್ವಾ, ಅಷ್ಟು ನೋಡ್ಕೊಂಡ್ ಬಾರೇ."

ಚನ್ನರಾಯಪಟ್ಟಣದ ಟೆಂಟಿನಲ್ಲೂ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಮೊಳದೆತ್ತರದ ಮಣ್ಣಿನ ಗೋಡೆ. ಗೋಡೆಯ ಆಚೆ ಗೌಡರು, ಅವರ ಹಿಂದೆ ಹುಡುಗ. ಈಚೆ ಅತ್ತೆ, ನಾನು. ಅತ್ತೆ ಅಂದು ಮರಳು ಗುಡ್ಡೆ ಮಾಡಲಿಲ್ಲ. ಸೆರಗು ಬಿಗಿದುಕೊಂಡು ನೆಲಕ್ಕೇ ಕೂತರು.

ನಗಬಾರದು ಅಂತ ಅತ್ತೆ ಶಪಥ ಮಾಡಿದ್ದರೋ ಏನೋ. ಹಂಡೆ ಎತ್ತುವ ಜಾಗ ಬಂದಾಗ ಬಾಯಿಗೆ ಸೆರಗು ತುರುಕಿಕೊಂಡರು. ಪಾಪ, ಅದು ನಿಲ್ಲುವ ನಗುವೇ! ಭುಜ ಕುಣಿದು, ಸೆರಗು ಹಾರಿ, ಕೇಕೆ ಬಿದ್ದೇಬಿಟ್ಟಿತು. ಟೆಂಟಿಗೆ ಟೆಂಟೇ ತಿರುಗಿ ನೋಡಿ ನಕ್ಕಿತು. ನಾನು ಥಟ್ಟನೆ ಹುಡುಗನ ಕಡೆ ನೋಡಿದೆ. ಹೊಟ್ಟೆ ಹಿಡಿದುಕೊಂಡು ಬಗ್ಗಿಹೋಗಿದ್ದ. ಗೌಡರ ಮೀಸೆ ಮಾತ್ರ ಅಲುಗಲಿಲ್ಲ.

ಹರಿಗೋಲು ಬಂತು. ಪದ ಶುರುವಾಯಿತು. ನಡುಹೊಳೆ ದಾಟಿತು. ಅತ್ತೆ ದಡಕ್ಕನೆ ಎದ್ದು ನಿಂತು, ಸೀರೆಗೆ ಅಂಟಿದ ಮರಳು ಕೊಡವಿ, ಗೋಡೆಯ ಆಚೆಗೆ ಕೈ ಬೀಸಿದರು.

"ನೋಡಿದ್ರಾ ಗೌಡ್ರೇ! ಮುಗೀತು, ಏಳಿ ಏಳಿ!"

ನನಗೂ ಏಳಲು ಹೇಳಿ, ಚೀಲ ಹೆಗಲಿಗೇರಿಸಿದರು. ಆದರೆ ಪರದೆ ಬೆಳ್ಳಗಾಗಲಿಲ್ಲ. ಹರಿಗೋಲು ಹೋಗುತ್ತಲೇ ಇತ್ತು... ಆಚೆ ದಡ ಬಂತು. ದಡದ ಪೊದೆಯ ಹಿಂದಿನಿಂದ ಪೋಲೀಸಿನವರು ಒಬ್ಬೊಬ್ಬರಾಗಿ ಎದ್ದರು.

"ಕೂತ್ಕಳಮ್ಮೋ!" ಅಂತ ಹಿಂದಿನವರು ಕೂಗಿದರು. ಅತ್ತೆ ಕೂರಲಿಲ್ಲ. ಚೀಲ ಹೆಗಲಲ್ಲೇ ಇತ್ತು. ಮೂವರಿಗೂ ಕೋಳ ಬಿತ್ತು, ಸಾಹುಕಾರನಿಗೆ ಪೆಟ್ಟಿಗೆ ಸಿಕ್ಕಿತು, ಆಮೇಲೆ ಶುಭಂ ಬಂತು. ಟೆಂಟಿನಲ್ಲಿ ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

ಹೊರಗೆ ಬಂದಾಗ ಗೌಡರು ಬೇಲಿಯ ಹತ್ತಿರ ನಿಂತಿದ್ದರು. ಅತ್ತೆಯೇ ಮಾತು ತೆಗೆದರು. "ನೀವ್ ಏಳಿದ್ದೇ ದಿಟ ಗೌಡ್ರೇ. ಇಡ್ಕೊಂಡ್ಬುಟ್ರು. ಆದ್ರೆ ನಮ್ಮೂರಲ್ಲಿ... ನಮ್ಮೂರಲ್ಲಿ ಅವ್ರು ದಾಟ್ಬುಟ್ಟಿದ್ರು. ನನ್ ಮಗಳಾಣೆ."

ಗೌಡರು ಬೀಡಿ ಹಚ್ಚಿದರು. ಒಂದು ದಮ್ಮು ಎಳೆದರು. "ಆಣೆ ಯಾಕೆ ಬುಡಿ. ಅರಿಗೋಲು ನಡುವೊಳೇಲಿ ಇರೋವಾಗ್ಲೇ ನೀವು ಸೀರೆ ಕೊಡ್ವಿ ಚೀಲ ತಗುಲಾಕ್ಕೊಂಡ್ರಲ್ಲ. ಸುಳ್ಳಾಡೋರು ಅಂಗೆ ಮನೇಗ್ ಒರಡಾಕಿಲ್ಲ." ಇನ್ನೊಂದು ದಮ್ಮು. ದನಿ ಸ್ವಲ್ಪ ತಗ್ಗಿತು. "ನಿಮ್ಮೂರಿಗೇ ಬಂದು ನೋಡ್ಬೇಕಾಗಿತ್ತು ನಾನು. ಅಷ್ಟ್ ಕಷ್ಟಪಟ್ಟು ಒತ್ಕಂಡ್ ಬಂದಿದ್ರು, ಬಡ್ಡೀಮಕ್ಳು... ಬಸ್ ಇಲ್ಲ ಈಗ. ಮನೇಗ್ ನಡೀರಿ ಬೀಗಿತ್ತಿ, ಗಾಡಿ ಐತೆ."

ಬೀಗಿತ್ತಿ! ಅತ್ತೆಯ ಆ ಗುಡುಗುಡು ಶುರುವಾಯಿತು ನೋಡಿ... ದಂಡಿಗನಹಳ್ಳಿ ಮುಟ್ಟುವವರೆಗೂ ನಿಲ್ಲಲಿಲ್ಲ. ಎತ್ತುಗಳು ಬೆದರಿ ಓಡಿದವು.

ಮಾರನೆಯ ದಿನ ಊರಿಗೆ ಬಂದವರೇ ಅತ್ತೆ ನೇರ ನಮ್ಮ ಟೆಂಟಿನ ಮ್ಯಾನೇಜರನ ಮುಂದೆ ನಿಂತರು. "ಎಲ್ಲಯ್ಯಾ, ನಮ್ ಪಾಲಿನ್ ಪೋಲೀಸ್ನೋರು?" ಅವನು ತಲೆ ಕೆರೆದುಕೊಂಡ. ಚನ್ನರಾಯಪಟ್ಟಣದ್ದು ಬೇರೆ ಪ್ರಿಂಟು. ನಮ್ಮದು ಅರಕಲಗೂಡಿನಲ್ಲಿ ಓಡಿ ಬಂದದ್ದು. "ಕೊನೆ ರೀಲು ಅಲ್ಲೇ ಮಿಷಿನ್‌ಗೆ ಸಿಕ್ಕಿ ಸುಟ್ಟೋಗಿತ್ತು ಕಣವ್ವ. ಏನ್ಮಾಡ್ಲಿ? ಒಳೆ ದಾಟೋದ್ ಮುಗೀತಿದ್ದಂಗೆ ಶುಭಂ ಗಾಜು ಇಟ್ಬುಟ್ಟೆ." ಇಂಥ ಹೊತ್ತಿಗೇ ಅಂತ ಅವನ ಬಳಿ ಶುಭಂ ಎಂದು ಬರೆದ ಗಾಜಿನ ಸ್ಲೈಡು ಸದಾ ಇರುತ್ತಿತ್ತಂತೆ. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದ. ಅತ್ತೆ ಯೋಚಿಸಿ ಹೇಳಿದರು: "ಒಳ್ಳೇ ಕೆಲ್ಸಾನೇ ಮಾಡ್ದೆ ಬುಡು."

ಅಕ್ಕನ ಮದುವೆಯಲ್ಲಿ ಗೌಡರು ಎಲ್ಲರೆದುರು ಪಾಯಸದ ಹಂಡೆಗೆ ಉದ್ದನೆಯ ಸೌಟು ಇಳಿಸಿ, ತಳದವರೆಗೂ ಕೆದಕಿ, "ಒಡವೆ ಇಲ್ಲ, ಬಡಿಸ್ರಪ್ಪಾ" ಅಂದರು. ಮೀಸೆ ಅಲುಗಿತು. ಅತ್ತೆಯ ಕೇಕೆ ಹೊಳೆಯ ಆಚೆಗೂ ಕೇಳಿಸಿರಬೇಕು.

ಅತ್ತೆ ಹೋಗಿ ಎರಡು ಮಳೆಗಾಲ ಕಳೆದವು. ಟೆಂಟು ಇದ್ದ ಜಾಗದಲ್ಲಿ ಈಗ ಲಾರಿ ನಿಲ್ಲುತ್ತವೆ. ಹೋದ ಭಾನುವಾರ ನಾನು ಟಿಕೆಟ್ಟಿಗೆ ನಿಂತಿದ್ದು ಅದೇ ಚಿತ್ರಕ್ಕೆ. ಬೆಳಗಿನ ಆಟಕ್ಕೆ ಹಾಕಿದ್ದರು. ಅಕ್ಕ ದಂಡಿಗನಹಳ್ಳಿಯಿಂದ ಬಂದು ಸೇರಿಕೊಂಡಳು. ಒಳಗೆ ಮರಳಿರಲಿಲ್ಲ, ಸಾಲಾಗಿ ಕುರ್ಚಿಗಳು. ಸಾಹುಕಾರ ಹಂಡೆಗೆ ಕೈಹಾಕಿದಾಗ ಜನ ನಕ್ಕರು. ನಾವಿಬ್ಬರೂ ನಕ್ಕೆವು, ನಕ್ಕು ಒಂದು ಗಳಿಗೆ ಕಾದೆವು... ಎಲ್ಲರ ನಗು ಮುಗಿದ ಮೇಲೆ ಬರಬೇಕಾಗಿದ್ದ ಆ ಇನ್ನೊಂದು ನಗು ಬರಲಿಲ್ಲ.

ಹರಿಗೋಲು ನಡುಹೊಳೆ ದಾಟಿತು. ನಾನು ಅಕ್ಕನ ಕಡೆ ತಿರುಗುವಷ್ಟರಲ್ಲಿ ಅವಳು ಎದ್ದು ನಿಂತಾಗಿತ್ತು. ಸೀರೆ ಕೊಡವುತ್ತಿದ್ದಳು, ಅಂಟಿಕೊಳ್ಳಲು ಮರಳೇ ಇಲ್ಲದಿದ್ದರೂ. ನಾನೂ ಎದ್ದೆ.

"ಇನ್ನೂ ಐತೆ ಕಣ್ರಮ್ಮಾ, ಕೂತ್ಕಳ್ಳಿ!" ಅಂತ ಹಿಂದಿನಿಂದ ಯಾರೋ ಕೂಗಿದರು.

"ನಮ್ಮೂರಲ್ಲಿ ಇಷ್ಟೇ" ಅಂದಳು ಅಕ್ಕ. ಇಬ್ಬರೂ ಬಿಸಿಲಿಗೆ ಬಂದೆವು.