ಸಾವಿನ ಮನೆಯಲ್ಲಿ ಗೇಟು ಕಾಯುವ ವಕೀಲೆ
"ಗಂಡನನ್ನು ಕೊಲ್ಲಿಸಿ ನನ್ನ ಕಣ್ಣು ತಪ್ಪಿಸೋ ಹೆಂಡತಿ, ಹೆಂಡತೀನ ಕೊಲ್ಲಿಸಿ ತಪ್ಪಿಸೋ ಗಂಡ, ಇನ್ನೂ ಹುಟ್ಟಿಲ್ಲ" ಎಂಬುದು ಫಿಲಿಪ್ಪೀನ್ಸಿನ ಇಲೊಯ್ಲೊದ ಸರ್ಕಾರಿ ವಕೀಲೆ, ಅಲ್ಲಿಯವರ ಬಾಯಲ್ಲಿ 'ಫಿಸ್ಕಲ್', ಪುರಿತಾ ಸಲ್ವಿಲ್ಯಾ ಅವರ ಮಾತು. ಅವರು ಹೋಗದ ಸಾವಿನ ಮನೆಯಿಲ್ಲ. ತಡವಾದರೆ ಹೆಣವೇ ಎದ್ದು ಕೂತು ದಾರಿ ನೋಡುತ್ತದಂತೆ. ಹೆಣ ಕಾಯುತ್ತ ರಾತ್ರಿಯಿಡೀ ಇಸ್ಪೀಟಾಡುವವರ ನಡುವೆ ಶುಂಠಿ ಕಷಾಯ ಹೀರುತ್ತ ಕೂತರೂ ಕಣ್ಣು ಮಾತ್ರ ಗೇಟಿನ ಮೇಲೆಯೇ. ಸೂತಕದವರು ಬಂದವರನ್ನು ಬೀಳ್ಕೊಟ್ಟರೆ ಇನ್ನೊಂದು ಸಾವು ಖಚಿತವೆಂದು ಅಲ್ಲಿನ ಕೂಸಿಗೂ ಗೊತ್ತು. ಗಂಡ ಚಾಕು ಇರಿತಕ್ಕೆ ಸತ್ತ ಒಂದು ಮನೆಯಲ್ಲಿ ವಿಧವೆ ನೆನಿತಾ ಮಾತ್ರ ಅದನ್ನು ಮರೆತು ಒಬ್ಬನನ್ನು ಗೇಟಿನವರೆಗೂ ಕಳಿಸಿ ಬಂದಳು. ಅವನು ದೋಣಿ ರಿಪೇರಿಯವನು. ಆ ಹತ್ತು ಹೆಜ್ಜೆಗಳ ಜಾಡು ಹಿಡಿದು ಪುರಿತಾ ಇಬ್ಬರ ಫೋನ್ ಕರೆಗಳನ್ನೂ ಇರಿದ ಚಾಕುವನ್ನೂ ಹೊರಗೆಳೆದು, ಇಬ್ಬರೂ ಕೂಡಿ ಹೂಡಿದ ಸಂಚೆಂದು ಕೋರ್ಟಿನ ಮುಂದಿಟ್ಟರು. ನೆನಿತಾಳ ವಕೀಲ ಕೆಣಕಿದ: "ನಿಮ್ಮ ತಂಗೀನ ಕೊಲ್ಲಿಸಿದ ಕೇಸಲ್ಲಿ ಅವಳ ಗಂಡ ಸಾಕ್ಷಿಯಿಲ್ಲ ಅಂತ ಬಿಡುಗಡೆಯಾದನಲ್ಲ, ಫಿಸ್ಕಲ್, ಆವಾಗ ಈ ಕಣ್ಣು ಎಲ್ಲಿತ್ತು?" ಪುರಿತಾ ಕಡತದಿಂದ ತಲೆಯೆತ್ತಲಿಲ್ಲ. "ಆವಾಗ ಅಳ್ತಾ ಕೂತಿದ್ದೆ, ಅಟಾರ್ನಿ. ಆಮೇಲೆ ಅಳೋದು ಬಿಟ್ಟೆ. ಎಲ್ಲಿ, ನಿಮ್ಮ ಸಾಕ್ಷೀನ ಕರೀರಿ."