ಬಿಸಿಲಲ್ಲಿ ಕಾಣದ ಉರಿ

ಅರವತ್ತರ ದಶಕದ ಮಾತು. ದಾವಣಗೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹರಿಹರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಗೆಳೆಯನಿಗೂ ನನಗೂ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಒಂದೇ ಮೇಜು. ಪ್ರಾಯೋಗಿಕ ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಹಿಂದಿನ ವರ್ಷ ಅವನು ಅದರಲ್ಲೇ ಫೇಲಾಗಿದ್ದ. ಈ ಸಲವೂ ಹೋದರೆ ಓದು ಬಿಟ್ಟು ಅಂಗಡಿಯಲ್ಲಿ ಕೂರು ಎಂದು ಅವನ ಅಪ್ಪ ಹೇಳಿಬಿಟ್ಟಿದ್ದರು.

ಎಲೆ ಬೆಳಕನ್ನು ಹಿಡಿದು, ನೀರು ಗಾಳಿಗಳಿಂದ ಸಕ್ಕರೆ ಮಾಡಿ, ಪಿಷ್ಟವಾಗಿ ಕೂಡಿಡುತ್ತದೆ. ಅದನ್ನು ಕಣ್ಣಿಗೆ ತೋರಿಸುವ ಪ್ರಯೋಗ ನಮ್ಮದು. ಎರಡು ದಿನ ಕತ್ತಲಲ್ಲಿಟ್ಟ ದಾಸವಾಳದ ಒಂದೆಲೆಗೆ ಕಪ್ಪು ಕಾಗದದ ಪಟ್ಟಿ ಸುತ್ತಿ, ಮಧ್ಯಾಹ್ನದವರೆಗೆ ಬಿಸಿಲಿಗಿಟ್ಟಿದ್ದೆವು. ಆಮೇಲೆ ಅದನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಕುದಿಯುವ ನೀರಿನೊಳಗೆ ಕೂರಿಸಿ ಹಸಿರು ಇಳಿಸಬೇಕು. ಅಯೋಡಿನ್ ಹನಿಸಿದರೆ ಬಿಸಿಲುಂಡ ಭಾಗ ಕಪ್ಪಾಗುತ್ತದೆ, ಪಟ್ಟಿಯ ಕೆಳಗಿನದು ಆಗುವುದಿಲ್ಲ.

ಕಿಟಕಿಯ ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತಿತ್ತು. ಸ್ಪಿರಿಟ್ ದೀಪದ ಮೇಲಿಟ್ಟ ನೀರಿನ ಕುದಿ ನಿಂತಿತು. ದೀಪ ನೋಡಿದೆ, ಉರಿ ಕಾಣಲಿಲ್ಲ.

"ಆರಿ ಹೋಗೈತಲೇ, ಸ್ಪಿರಿಟ್ ಹಾಕು," ಎಂದೆ.

ಅವನು ಸೀಸೆ ಬಗ್ಗಿಸಿದ. ಬತ್ತಿಯ ಮೇಲೆ ಸಣ್ಣ ನೀಲಿ ಉರಿ ಇನ್ನೂ ಇತ್ತು, ಬಿಸಿಲಲ್ಲಿ ಕಂಡಿರಲಿಲ್ಲ. ಭುಗ್ಗೆಂದು ಅವನ ಬಲದೋಳು ಹೊತ್ತಿಕೊಂಡಿತು. ನಾನು ನಿಂತಲ್ಲೇ ನಿಂತೆ. "ಸರೀರಿ ಆ ಕಡೆ!" ಎಂದು ನನ್ನನ್ನು ತಳ್ಳಿ, ಹಸಿ ಗೋಣಿಚೀಲದಲ್ಲಿ ಅವನನ್ನು ಸುತ್ತಿದವರು ಲ್ಯಾಬಿನ ಅಟೆಂಡರ್.

ಆರಿ ಹೋಗಿದೆ ಎನ್ನುವ ಮುಂಚೆ ನಾನು ಕೈ ಅಡ್ಡ ಹಿಡಿದು ದೀಪಕ್ಕೆ ನೆರಳು ಮಾಡಿ ನೋಡಿದ್ದರೆ ಸಾಕಿತ್ತು. ಈಗಲೂ ಮನಸ್ಸಿನಲ್ಲಿ ಎಷ್ಟೋ ಸಲ ಹಾಗೆ ಕೈ ಹಿಡಿಯುತ್ತೇನೆ. ಪ್ರತಿ ಸಲವೂ ಉರಿ ಕಾಣುತ್ತದೆ.

ಆಸ್ಪತ್ರೆಯಲ್ಲಿ ಅವನ ಎದುರು ಕೂತು, "ಆರಿ ಹೋಗೈತೆ ಅಂದಿದ್ದು ನಾನು," ಎಂದೆ.

"ನೀ ಅಂದಿ. ನನಗೇನು ಕಣ್ಣಿರಲಿಲ್ಲೇನು?" ಎಂದ. "ಅಳೋದಿದ್ರೆ ಹೊರಗ ಹೋಗಿ ಅಳು. ಇಲ್ಲಾಂದ್ರ ನನ್ನ ರೆಕಾರ್ಡ್ ಬುಕ್ಕಿನಾಗ ಪ್ರಯೋಗದ ಚಿತ್ರ ಬರಿ."

ಪಕ್ಕದಲ್ಲಿದ್ದ ಅವನ ತಾಯಿ, "ಕೈ ಸುಟ್ರೂ ಬಾಯಿ ಸುಟ್ಟಿಲ್ಲ ನೋಡಪ್ಪ," ಎಂದು ನನಗೆ ಕಾಫಿ ಬಗ್ಗಿಸಿಕೊಟ್ಟರು.

ಪರೀಕ್ಷೆಗೆ ಅವನು ಕೈಗೆ ಬಟ್ಟೆ ಸುತ್ತಿಕೊಂಡೇ ಬಂದ. ಆ ವರ್ಷ ಎಲ್ಲರಿಗೂ ಅದೇ ಪ್ರಯೋಗ ಕೊಟ್ಟಿದ್ದರು. ಎಡಗೈಯಲ್ಲೇ ನಿಧಾನವಾಗಿ ಮಾಡಿದ. ಅವನ ಎಲೆ ನಡುವೆ ಒಂದು ಪಟ್ಟಿ ಬಿಟ್ಟು ಉಳಿದಷ್ಟೂ ಕಪ್ಪಾಯಿತು. ಪರೀಕ್ಷಕರು ಎತ್ತಿ ನೋಡಿ ತಲೆದೂಗಿದರು.

ನಾನಿನ್ನೂ ದೀಪವನ್ನೇ ಹಚ್ಚಿರಲಿಲ್ಲ. ಮೂರು ಬೆಂಕಿಕಡ್ಡಿ ಮುರಿದಿದ್ದವು. ಅವನು ಹೊರಟವನು ತಿರುಗಿ ಬಂದು, ಪರೀಕ್ಷಕರ ಅನುಮತಿ ಕೇಳಿ, "ಪೆಟ್ಟಿಗೆ ಗಟ್ಟಿ ಹಿಡ್ಕೊಳಲೇ, ಪುಕ್ಕಲ," ಎಂದು ಎಡಗೈಯಲ್ಲಿ ಕಡ್ಡಿ ಗೀರಿದ.