ಇಳಿಯದೆ ಉಳಿದ ಮೂರು ಕಿಲೋ

ಗಡಿಭಾಗದ ನಮ್ಮ ಉಟಗಿಯ ಬಸ್ ಸ್ಟ್ಯಾಂಡಿನಿಂದ ಊರೊಳಗೆ ಬರುವ ದಾರಿಯಲ್ಲಿ ಅಣ್ಣಾರಾಯನ ಹಿಟ್ಟಿನ ಗಿರಣಿ ಇದೆ. ನಮ್ಮ ಮನೆ ಅದರ ಎದುರಿಗೇ. ನಾನು ಇದೇ ಊರಿನ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಅಣ್ಣಾರಾಯನಿಗೂ ಅವನ ಅಕ್ಕ ಮಲಕವ್ವನಿಗೂ ಅಕ್ಷರ ಕಲಿಸಿದ್ದು ನಾನೇ.

ಮಲಕವ್ವ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟಳು. ತಾಯಿ ತೀರಿಕೊಂಡಾಗ ಆಕೆಗೆ ಹನ್ನೊಂದು ವರ್ಷ, ತಮ್ಮನಿಗೆ ಐದು. ಅಂದಿನಿಂದ ಒಲೆ ಆಕೆಯದಾಯಿತು. ತಾಯಿಯಿಲ್ಲದ ಹುಡುಗ ಸೊರಗಿದ್ದಾನೆ ಎಂದು ಊರಲ್ಲಿ ಯಾರೂ ಆಡಿಕೊಳ್ಳಬಾರದು ಎಂಬುದು ಆಕೆಯ ಹಟ. ಮಧ್ಯಾಹ್ನದ ಬಿಡುವಿಗೆ ಸರಿಯಾಗಿ ರೊಟ್ಟಿಯ ಗಂಟು ಹಿಡಿದು ಶಾಲೆಯ ಕಟ್ಟೆಗೆ ಬರುತ್ತಿದ್ದಳು. ಅವನು ತಿಂದು ಮುಗಿಸುವವರೆಗೆ ಅಲ್ಲಿಂದ ಏಳುತ್ತಿರಲಿಲ್ಲ. ಅವನು ಹತ್ತನೆಯ ಇಯತ್ತೆ ದಾಟುವವರೆಗೆ ಮದುವೆಗೂ ಒಪ್ಪಲಿಲ್ಲ. ಆಮೇಲೆ ಬಾಲಗಾಂವದ ಮಹಾಂತನಿಗೆ ಕೊಟ್ಟರು. ಅಲ್ಲಿಂದಲೂ ಬರುವವರ ಕೈಯಲ್ಲಿ ತಮ್ಮನಿಗೆಂದು ಶೇಂಗಾ ಹೋಳಿಗೆ, ಬೆಣ್ಣೆ ಬರುತ್ತಲೇ ಇದ್ದವು.

ಹೀಗೆ ಬೆಳೆದ ಅಣ್ಣಾರಾಯ ನಲವತ್ತು ದಾಟುವ ಹೊತ್ತಿಗೆ ನೂರಾ ಎಂಟು ಕಿಲೋ ಇದ್ದ. ಜೋಳದ ಚೀಲ ತೂಗುವ ಕಾಂಟಾ ಗಿರಣಿಯಲ್ಲೇ ಇದ್ದುದರಿಂದ ಅವನ ವಜನ ಊರಿಗೆಲ್ಲ ಗೊತ್ತಿತ್ತು. ಜನ ನಕ್ಕರೆ ಅವನೂ ನಗುತ್ತಿದ್ದ.

ಮಲಕವ್ವನ ಮುಖ, ಕಾಲು ಊದಿಕೊಳ್ಳತೊಡಗಿದಾಗ ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ತೋರಿಸುವ ಹೊತ್ತಿಗೆ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತ ಬಂದಿದ್ದವು. ವಾರಕ್ಕೆರಡು ಸಲ ವಿಜಯಪುರಕ್ಕೆ ಡಯಾಲಿಸಿಸ್. ಗಂಡ ಮಹಾಂತನಿಗೆ ಹಳೆಯ ಸಕ್ಕರೆ ಕಾಯಿಲೆ. ಅವನು ಕಿಡ್ನಿ ಕೊಡುವಂತಿರಲಿಲ್ಲ. ಅಣ್ಣಾರಾಯ ತಾನು ಕೊಡುತ್ತೇನೆಂದು ಮುಂದೆ ಬಂದ. ರಕ್ತದ ಗುಂಪು ಹೊಂದಿತು. ಆದರೆ ಮಿರಜದ ಆಸ್ಪತ್ರೆಯ ಹೆಣ್ಣು ಡಾಕ್ಟರು, ಎಲ್ಲರೂ ಡಾಕ್ಟರ್ ಬಾಯಿ ಅನ್ನುವವರು, ಅವನನ್ನು ಕಾಂಟಾದ ಮೇಲೆ ನಿಲ್ಲಿಸಿ, ಇಷ್ಟು ವಜನದವನ ಕಿಡ್ನಿ ತೆಗೆಯಲು ಬರುವುದಿಲ್ಲ, ನಾಳೆ ಉಳಿದ ಒಂದರ ಮೇಲೆ ಭಾರ ಬೀಳುತ್ತದೆ, ತೊಂಬತ್ತಕ್ಕೆ ಇಳಿದು ಬಾ ಅಂದರು. ಊಟ, ನಡಿಗೆಯ ಜೊತೆಗೆ ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳಲು ಹೇಳಿದರು.

ಅಣ್ಣಾರಾಯ ಇಂಜೆಕ್ಷನ್ನಿಗೆ ಹೆದರಿದ. ಯಾರೋ ಅದರಿಂದ ಕರುಳು ಕೆಡುತ್ತದೆ ಅಂದಿದ್ದರು. ನಡೆದೇ ಇಳಿಸುತ್ತೇನೆ ಎಂದು ದಿನಾ ಮುಂಜಾನೆ ಪಕ್ಕದೂರು ಸೋನ್ಯಾಳದ ದಾರಿ ಹಿಡಿದ. ಮೂರು ಕಿಲೋ ಇಳಿದ, ದೀಪಾವಳಿಗೆ ನಾಲ್ಕು ಏರಿದ. ಹೀಗೇ ನಾಲ್ಕು ತಿಂಗಳು ಹೋದವು. ಮಾಘದಲ್ಲಿ ಒಂದು ದಿನ ಮಲಕವ್ವ ಡಯಾಲಿಸಿಸ್ ಮುಗಿಸಿ ಬರುವಾಗ ಎಚ್ಚರ ತಪ್ಪಿದಳು. ಮರುದಿನವೇ ಅವನು ಇಂಜೆಕ್ಷನ್ ಬರೆಸಿಕೊಳ್ಳಲು ಮಿರಜಕ್ಕೆ ಹೋದ. ನನ್ನನ್ನೂ ಕರೆದುಕೊಂಡು ಹೋದ.

ಡಾಕ್ಟರ್ ಬಾಯಿ ಅವಸರ ಮಾಡದೆ ಎಲ್ಲ ಬಿಡಿಸಿ ಹೇಳಿದರು. ಮೊದಲ ತಿಂಗಳು ಸಣ್ಣ ಡೋಸು, ಅದು ಮೈಗೆ ಒಗ್ಗಿಸಲಿಕ್ಕೆ ಮಾತ್ರ, ವಜನ ಇಳಿಯಲಿಲ್ಲವೆಂದು ಅಂಜಬಾರದು. ಡೋಸು ಏರಿಸಿದಾಗಲೆಲ್ಲ ಕೆಲವು ದಿನ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯೂ ಆಗಬಹುದು. ಹಸಿವಿಲ್ಲವೆಂದು ಉಪವಾಸ ಬೀಳಬಾರದು. ಬೇಳೆ, ಮಡಕಿ ಕಾಳು, ಮೊಸರು ತಪ್ಪದೆ ತಿನ್ನಬೇಕು, ಇಲ್ಲವಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದರೆ ಅದೇ ದಿನ ಬರಬೇಕು. ಕೆಲವು ತಿಂಗಳಾದ ಮೇಲೆ ಇಳಿಯುವುದು ನಿಲ್ಲುತ್ತದೆ. ಅದು ಔಷಧದ ದೋಷವೂ ಅಲ್ಲ, ನಿನ್ನ ದೋಷವೂ ಅಲ್ಲ. ಬಿಟ್ಟರೆ ಹಸಿವು ಮರಳಿ ಬರುತ್ತದೆ, ವಜನವೂ ಬಹಳ ಮಟ್ಟಿಗೆ ಮರಳುತ್ತದೆ. ಅಣ್ಣಾರಾಯ ಎಲ್ಲಕ್ಕೂ ತಲೆಯಾಡಿಸಿದ. ಅವನ ಕಿವಿಗೆ ಬಿದ್ದದ್ದು ತೊಂಬತ್ತು ಎಂಬ ಅಂಕಿ ಒಂದೇ ಎಂದು ನನಗೆ ಆಗಲೇ ಅನಿಸಿತು.

ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಪೆನ್ನಿನಂಥ ಆ ಇಂಜೆಕ್ಷನ್ನನ್ನು ನಮ್ಮ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಪಕ್ಕ ಇಟ್ಟೆವು. ಪ್ರತಿ ಸೋಮವಾರ ಮುಂಜಾನೆ ಅವನು ಸ್ನಾನ ಮಾಡಿ ಬರುತ್ತಿದ್ದ. ನಮ್ಮ ಪಡಸಾಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತು, ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ.

ಮೊದಲ ತಿಂಗಳು ಇಳಿದದ್ದು ಒಂದೂವರೆ ಕಿಲೋ. ಎರಡನೆಯ ತಿಂಗಳು ಡೋಸು ಏರಿದಾಗ ಹಿಟ್ಟಿನ ಬಿಸಿ ವಾಸನೆಯೇ ಆಗದಂತಾಯಿತು. ಗಿರಣಿ ನಡೆಯುತ್ತಿರುವಾಗಲೇ ಹೊರಗೆ ಓಡಿಬಂದು ಗಟಾರದ ಅಂಚಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಅವನ ಹೆಂಡತಿ ಯಲ್ಲವ್ವ ನಿಂಬೆಹಣ್ಣು ಕೊಯ್ದು ಮೂಗಿಗೆ ಹಿಡಿಯುತ್ತಿದ್ದಳು. ಆಮೇಲೆ ಅದು ಕಡಿಮೆಯಾಯಿತು. ನಾಲ್ಕು ರೊಟ್ಟಿ ತಿನ್ನುವವನು ಒಂದೂವರೆಗೆ ಕೈ ತೊಳೆಯತೊಡಗಿದ. ಮೊದಲು ಊಟ ಮುಗಿಯುವಾಗಲೇ ಮುಂದಿನ ಊಟದ ವಿಚಾರ ಬರುತ್ತಿತ್ತು, ಈಗ ತಲೆಯೊಳಗೆ ಆ ಗದ್ದಲವೇ ಇಲ್ಲ ಎಂದು ನನ್ನೆದುರು ಆಶ್ಚರ್ಯಪಟ್ಟ. ಬೇಸಿಗೆ ಮುಗಿಯುವಾಗ ಕಾಂಟಾದಲ್ಲಿ ತೊಂಬತ್ತೆಂಟು ಬಂತು. ಅವನು ಮಹಾಂತನಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಲು ಹೇಳಿದ.

ಪಂಚಮಿಗೆ ಮಲಕವ್ವ ತವರಿಗೆ ಬಂದಳು. ಇಡೀ ದಿನಕ್ಕೆ ಮೂರು ಲೋಟ ನೀರು, ಅಷ್ಟೇ ಆಕೆಗೆ ಅಪ್ಪಣೆ. ಉಪ್ಪೂ ಇಲ್ಲ, ಬಾಳೆಹಣ್ಣೂ ಇಲ್ಲ. ಆದರೂ ತಮ್ಮನಿಗೆಂದು ಕುಂತಲ್ಲೇ ಉಂಡಿ ಕಟ್ಟಿದಳು. ಅವನು ಅರ್ಧ ಉಂಡಿ ತಿಂದ, ಉಳಿದರ್ಧ ಕೈಯಲ್ಲೇ ಹಿಡಿದು ಕೂತ. ಅವನ ಕೆನ್ನೆ ಬತ್ತಿತ್ತು, ಅಂಗಿ ಜೋಲುತ್ತಿತ್ತು. ಆಕೆ ಜೋಲುವ ತೋಳನ್ನು ಹಿಡಿದು ನೋಡಿದಳು.

"ಈ ಮೈ ನಾ ಬೆಳಿಸಿದ್ದು, ತಮ್ಮಾ. ನನ್ನ ಸಲುವಾಗೇ ಇಳಿಸಾಕತ್ತಿ. ನನಗ ನೋಡಾಕ ಆಗೂದಿಲ್ಲ."

"ಇನ್ನ ನಾಕ ಕಿಲೋ ಅಕ್ಕಾ. ಇಷ್ಟ ದಿನಾ ತಡದಿ, ಇನ್ನಷ್ಟ ತಡಿ."

ಆಕೆ ಅವನ ಕೈಯಿಂದ ಆ ಅರ್ಧ ಉಂಡಿ ತೆಗೆದುಕೊಂಡು ತಾಟಿನಲ್ಲಿಟ್ಟಳು. ಇಬ್ಬರೂ ಅದನ್ನು ಮತ್ತೆ ಮುಟ್ಟಲಿಲ್ಲ.

ಭಾದ್ರಪದದಲ್ಲಿ ತೊಂಬತ್ಮೂರಕ್ಕೆ ಬಂದು ಕಾಂಟಾ ನಿಂತುಬಿಟ್ಟಿತು. ಒಂದು ವಾರ, ಎರಡು ವಾರ, ಐದು ವಾರ. ಡಾಕ್ಟರ್ ಬಾಯಿ ಇದನ್ನು ಮೊದಲೇ ಹೇಳಿದ್ದರು, ನಾನೂ ನೆನಪಿಸಿದೆ. ಅವನಿಗೆ ಹಿಡಿಸಲಿಲ್ಲ. ಕಾಂಟಾ ಕೆಟ್ಟಿದೆಯೆಂದು ಜತ್ತದಿಂದ ರಿಪೇರಿಯವನನ್ನು ಕರೆಸಿದ. ಅದು ಸರಿಯಾಗಿಯೇ ಇತ್ತು. ಆಮೇಲೆ ಇದ್ದ ಒಂದೂವರೆ ರೊಟ್ಟಿಯನ್ನೂ ಬಿಟ್ಟ. ಒಂದು ಮಧ್ಯಾಹ್ನ ಜೋಳದ ಬುಟ್ಟಿ ಎತ್ತುವಾಗ ಕಣ್ಣು ಕತ್ತಲಾಗಿ ಬಿದ್ದ. ಡಾಕ್ಟರ್ ಬಾಯಿ ಚೆನ್ನಾಗಿ ಬೈದರು. ಹೀಗೆ ಉಪವಾಸ ಬಿದ್ದರೆ ನಿನ್ನ ಕಿಡ್ನಿಯನ್ನೇ ನಾನು ತೆಗೆದುಕೊಳ್ಳುವುದಿಲ್ಲ ಅಂದರು. ತಡೆದು ನೋಡೋಣ, ಡೋಸು ಇನ್ನೊಂದು ಮೆಟ್ಟಿಲು ಏರಿಸೋಣ ಎಂದೂ ಹೇಳಿದರು.

ದೀಪಾವಳಿ ಕಳೆದು ಎಂಟನೆಯ ದಿನ ಮಲಕವ್ವನಿಗೆ ಜ್ವರ ಬಂತು. ಚಳಿ, ನಡುಕ. ವಿಜಯಪುರಕ್ಕೆ ಒಯ್ದರು. ರಕ್ತದಲ್ಲಿ ನಂಜು ಏರಿದೆ, ಡಯಾಲಿಸಿಸ್ ಮೇಲಿರುವ ಮೈಗೆ ತಡೆಯುವ ಶಕ್ತಿ ಕಡಿಮೆ ಅಂದರು. ಮೂರನೆಯ ದಿನ ಮಧ್ಯಾಹ್ನ ಆಕೆ ಹೋದಳು. ಅಣ್ಣಾರಾಯ ಪಕ್ಕದಲ್ಲೇ ಇದ್ದ. ಕೊನೆಗೆ ಆಕೆ ಕೇಳಿದ್ದು ನೀರು. ಈಗ ಕೊಡಬಹುದು ಎಂದು ಸಿಸ್ಟರ್ ಹೇಳಿದ ಮೇಲೆ ಅವನೇ ಚಮಚೆಯಿಂದ ಹಾಕಿದ.

ಬಾಲಗಾಂವದ ಹೊಲದಲ್ಲಿ ಮಣ್ಣು ಕೊಟ್ಟು ಬಂದ ಮೇಲೆ ಸೋಮವಾರ ಬಂತು. ಅವನು ಎಂದಿನಂತೆ ಸ್ನಾನ ಮಾಡಿ ನಮ್ಮ ಮನೆಗೆ ಬಂದ. ನಾನು ಫ್ರಿಜ್ಜಿನಿಂದ ಪೆನ್ನು ತೆಗೆದುಕೊಟ್ಟೆ. ಅವನು ಗೋಡೆಯ ಕಡೆ ತಿರುಗಿ ಕೂತ. ಮುಂದಿನ ಸೋಮವಾರವೂ ಬಂದ. ಆಗಲೂ ತೆಗೆದುಕೊಟ್ಟೆ. ನಾಲ್ಕನೆಯ ಸೋಮವಾರ ಗಿರಣಿಯಿಂದ ನನ್ನನ್ನು ಕೂಗಿ ಕರೆದ. ಹೋಗಿ ನೋಡಿದರೆ ಕಾಂಟಾದ ಮೇಲೆ ನಿಂತಿದ್ದ.

"ನೋಡ್ರಿ ಗುರೂಜಿ. ಎಂಬತ್ತೊಂಬತ್ತೂವರಿ ಐತಿ."

ಇಳಿದು ಚೀಲಗಳ ನಡುವೆ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತೆ. ಅವತ್ತಿನಿಂದ ಇಂಜೆಕ್ಷನ್ ಬಿಟ್ಟ.

ಮಿರಜಕ್ಕೆ ಒಮ್ಮೆ ಹೋಗಿ ಬರೋಣವೆಂದು ಯಲ್ಲವ್ವನೂ ನಾನೂ ಒತ್ತಾಯಿಸಿದೆವು. ಡಾಕ್ಟರ್ ಬಾಯಿ ಅವನನ್ನು ಎದುರಿಗೆ ಕೂರಿಸಿಕೊಂಡು, ದೀಪಾವಳಿಯ ಹೊತ್ತಿಗೇ ತೊಂಬತ್ತಕ್ಕೆ ಬಂದಿದ್ದರೂ ತಪಾಸಣೆ, ಕಾಗದಪತ್ರ ಎಂದು ಇನ್ನೆರಡು ತಿಂಗಳು ಬೇಕಾಗುತ್ತಿತ್ತು, ಆ ಮೂರು ಕಿಲೋದಿಂದ ಅಕ್ಕ ಹೋಗಲಿಲ್ಲ ಎಂದು ಸಮಾಧಾನ ಹೇಳಿದರು. ಅವನು ಹೌದೆಂದ. ಬರುವಾಗ ಬಸ್ಸಿನಲ್ಲಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. ಇಂಜೆಕ್ಷನ್ನಿಗೆ ಹೆದರಿ ಮೊದಲು ಕಳೆದುಕೊಂಡ ನಾಲ್ಕು ತಿಂಗಳನ್ನು ಅದಕ್ಕೆ ಕೂಡಿಸುತ್ತಿದ್ದಾನೆಂದು ನನಗೆ ತಿಳಿಯಿತು.

ಬಿಟ್ಟ ಮೂರನೆಯ ವಾರದಿಂದ ಹಸಿವು ಮರಳಿತು. ಒಂದು ಮಧ್ಯಾಹ್ನ ಯಲ್ಲವ್ವ ನೀರು ತಂದು ಒಳಗೆ ಬಂದಾಗ ಅವನು ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದನಂತೆ. ಬುಟ್ಟಿಯಲ್ಲಿದ್ದ ಏಳು ರೊಟ್ಟಿಗಳಲ್ಲಿ ಕೈಯಲ್ಲಿದ್ದ ಒಂದೇ ಉಳಿದಿತ್ತು. ಆಕೆಯನ್ನು ಕಂಡು ಅಳತೊಡಗಿದ.

"ಅಕ್ಕ ಸತ್ತಾಳ, ನನಗ ಹಸಿವಿ ಆಗಾಕತ್ತೈತಿ" ಅಂದ.

ಔಷಧ ಬಿಟ್ಟರೆ ಹೀಗೆ ಆಗುತ್ತದೆಂದು ಡಾಕ್ಟರ್ ಹೇಳಿದ್ದರಲ್ಲ ಎಂದು ನಾನು ಎಷ್ಟೋ ಸಲ ಹೇಳಿದೆ. ಆದರೆ ದುಃಖದಲ್ಲಿ ಹಸಿವಾಗುವುದು ಅವನಿಗೆ ಪಾಪವೆನಿಸುತ್ತಿತ್ತು. ಯಾರೂ ಇಲ್ಲದಾಗ ತಿನ್ನುವುದನ್ನು ರೂಢಿ ಮಾಡಿಕೊಂಡ. ವರ್ಷ ತುಂಬುವಾಗ ನೂರಾ ಒಂದಕ್ಕೆ ಬಂದಿದ್ದ. ಅವನಿಗೂ ಸಕ್ಕರೆ ಕಾಣಿಸಿಕೊಂಡಿದೆ. ಮತ್ತೆ ಶುರು ಮಾಡು, ಈ ಸಲ ನಿನ್ನ ಸಲುವಾಗಿ ಎಂದು ಡಾಕ್ಟರ್ ಬಾಯಿ ಹೇಳಿ ಕಳಿಸಿದ್ದಾರೆ. ನೋಡೋಣ ಅನ್ನುತ್ತಾನೆ.

ಹೋದ ತಿಂಗಳು ಸೋನ್ಯಾಳದಿಂದ ಶಾಂತಾದೇವಿ ಎಂಬ ಹೆಣ್ಣುಮಗಳು ಗಿರಣಿಗೆ ಬಂದಳು. ಆಕೆಯ ಗಂಡ ಡಯಾಲಿಸಿಸ್ ಮೇಲಿದ್ದಾನೆ. ಕಿಡ್ನಿ ಕೊಡಲು ಆಕೆ ಸಿದ್ಧ, ಆದರೆ ವಜನ ಹೆಚ್ಚು. ಅದೇ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ಅಣ್ಣಾರಾಯನ ಸುದ್ದಿಯನ್ನು ಬಸ್ಸಿನಲ್ಲಿ ಯಾರಿಂದಲೋ ಕೇಳಿದ್ದಳು. ಅವನು ಗಿರಣಿ ಬಂದ್ ಮಾಡಿ ಆಕೆಯನ್ನು ಕೂರಿಸಿದ. ಮೊದಲ ತಿಂಗಳು ಹೇಗೆ, ವಾಂತಿ ಯಾವಾಗ, ಏನು ತಿಂದರೆ ತಾಳುತ್ತದೆ, ಎಲ್ಲಿ ಬಂದು ನಿಲ್ಲುತ್ತದೆ, ನಿಂತಾಗ ಊಟ ಬಿಡಬಾರದು, ಎಲ್ಲವನ್ನೂ ತಿಂಗಳು ತಿಂಗಳಾಗಿ ಹೇಳಿದ. ಅಷ್ಟು ಮಾತಾಡಿದ್ದನ್ನು ನಾನು ಒಂದು ವರ್ಷದಿಂದ ಕೇಳಿರಲಿಲ್ಲ. ಕೊನೆಗೆ ಆಕೆ, ನಿಮ್ಮ ಅಕ್ಕನವರು ಈಗ ಆರಾಮ ಇದ್ದಾರೇನು ಎಂದು ಕೇಳಿದಳು. ಮಲಕವ್ವ ಹೋದದ್ದನ್ನು ಆಕೆಗೆ ಯಾರೂ ಹೇಳಿರಲಿಲ್ಲ.

"ಇಲ್ರಿ, ತೀರಿಕೊಂಡಳು. ಸೂಜಿಗೆ ಅಂಜಿ ನಾ ನಾಕ ತಿಂಗಳ ತಡಾ ಮಾಡಿದೆ. ನೀವು ಇವತ್ತ ಶುರು ಮಾಡ್ರಿ, ಅವ್ವಾ."

ಆಕೆ ಎರಡು ಗಂಟೆಯ ಬಸ್ಸಿಗೆ ಹೋದಳು. ಆ ದಿನ ಅವನು ಗಿರಣಿ ಮತ್ತೆ ಚಾಲೂ ಮಾಡಲಿಲ್ಲ. ಹಿಟ್ಟು ಬೀಸಿಸಲು ಬಂದವರು ಡಬ್ಬಿಗಳನ್ನು ಸಾಲಾಗಿ ಇಟ್ಟು, ನಾಳೆ ಬರುತ್ತೇವೆಂದು ಮನೆಗೆ ಹೋದರು.